ಬಲಭುಜಕ್ಕೆ ಅರ್ಧ ಇಂಚು

ಅಪ್ಪನ ಬಗ್ಗೆ ಬರೆಯುತ್ತೇನೆ ಅಂದಾಗ ಚಿಕ್ಕಪ್ಪ ಒಂದೇ ಮಾತು ಹೇಳಿದರು: "ಒಳ್ಳೇದನ್ನ ಬರಿ ಮಗಳೇ. ಸತ್ತವರ ಮೇಲೆ ಕಲ್ಲು ಹೊಡೀಬಾರದು." ಕಲ್ಲು ಹೊಡೆಯುವ ಆಸೆ ನನಗೂ ಇಲ್ಲ. ಆದರೆ ಒಳ್ಳೆಯದನ್ನು ಮಾತ್ರ ಬರೆದರೆ ಅವನು ನನ್ನ ಅಪ್ಪ ಆಗುವುದಿಲ್ಲ, ಯಾರದೋ ಅಪ್ಪ ಆಗುತ್ತಾನೆ. ನನ್ನ ಅಪ್ಪ ಟೈಲರ್. ಆ ಊರಿನಲ್ಲಿ ಅವನಿಗಿಂತ ಒಳ್ಳೆಯ ಟೈಲರ್ ಇರಲಿಲ್ಲ. ಅವನಷ್ಟು ಪುಕ್ಕಲನೂ ಇರಲಿಲ್ಲ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ, ಊರಿಗೆ ಊರೇ ಹಾಗಿತ್ತು.

ಹನ್ನೊಂದನೇ ವಯಸ್ಸಿಗೆ ಅವನನ್ನು ಸೋದರಮಾವನ ಅಂಗಡಿಗೆ ಬಿಟ್ಟಿದ್ದರಂತೆ. ಕತ್ತರಿಸುವ ಮೇಜಿನ ಕೆಳಗೆ ಚಿಂದಿಬಟ್ಟೆ ಹಾಸಿಕೊಂಡು ಮಲಗುವುದು, ಹೊಲಿಗೆ ವಕ್ರವಾದರೆ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಏಟು ತಿನ್ನುವುದು, ಹೀಗೆ ಕೆಲಸ ಕಲಿತ. ಮಾವ ತೀರಿಕೊಂಡ ಮೇಲೆ ಅಂಗಡಿ ಇವನದಾಯಿತು. ರಸ್ತೆಗೆ ತೆರೆದುಕೊಂಡ ಒಂದೇ ಕೋಣೆ, ಎರಡು ಮಷೀನು, ಉದ್ದನೆಯ ಮೇಜು, ಮುಖ ಕಾಣದಷ್ಟು ಕೆಳಗೆ ನೇತುಹಾಕಿದ ಒಂದು ಕನ್ನಡಿ. "ಅಂಗಿ ನೋಡ್ಕೊಳ್ಳೋಕೆ ಮುಖ ಯಾಕೆ?" ಅನ್ನುತ್ತಿದ್ದ ಅಪ್ಪ. ಅಮ್ಮ ನನಗೆ ಒಂಬತ್ತಾಗಿದ್ದಾಗ ತೀರಿಹೋದಳು. ಆಮೇಲೆ ಶಾಲೆ ಬಿಟ್ಟ ಕೂಡಲೇ ನಾನು ಅಂಗಡಿಯಲ್ಲೇ ಇರುತ್ತಿದ್ದೆ, ಕಾಜಾ ಹೊಲಿಯುತ್ತಿದ್ದೆ, ಗುಂಡಿ ಹಚ್ಚುತ್ತಿದ್ದೆ. ಊರಿನ ಜೈಲಿನ ಕಾವಲುಗಾರರ ಸಮವಸ್ತ್ರ ಹೊಲಿಯುವ ಗುತ್ತಿಗೆ ನಮ್ಮದೇ ಆಗಿತ್ತು. ಉಳಿದ ತುಂಡುಗಳಲ್ಲಿ ಅಪ್ಪ ನನಗೆ ಲಂಗ ಹೊಲಿದುಕೊಡುತ್ತಿದ್ದ. ಶಾಲೆಯಲ್ಲಿ ನನ್ನನ್ನು ಜೈಲರ್ ಅಂತಲೇ ಕರೆಯುತ್ತಿದ್ದರು.

ಜನ ಮುಖ ನೋಡಿ ಗುರುತು ಹಿಡಿದರೆ ಅಪ್ಪ ಬೆನ್ನು ನೋಡಿ ಹಿಡಿಯುತ್ತಿದ್ದ. ರಸ್ತೆಯಲ್ಲಿ ಯಾರಾದರೂ ಹೋದರೆ ಹೆಸರು ಹೇಳುವುದಿಲ್ಲ, "ಮೂವತ್ತೆಂಟು ಹೋಗ್ತಿದ್ದಾನೆ ನೋಡು. ಹೊಟ್ಟೆ ಮಾತ್ರ ನಲವತ್ತೆರಡಕ್ಕೆ ಬಂತು, ಬಡ್ತಿ ಸಿಕ್ಕಿರಬೇಕು" ಅನ್ನುತ್ತಿದ್ದ. ಯಾರ ಬಟ್ಟೆಯಾದರೂ ಎಲ್ಲೋ ಒಂದು ಕಡೆ ಅರ್ಧ ಇಂಚು ಹೆಚ್ಚಿಗೆ ಬಿಡುವುದು ಅವನ ಪದ್ಧತಿ. "ಮನುಷ್ಯ ಅಂದ್ಮೇಲೆ ಉಸಿರಾಡ್ತಾನೆ, ಊಟ ಮಾಡ್ತಾನೆ, ಜಾಗ ಬೇಡ್ವಾ?" ಅದಕ್ಕೇ ಊರವರು ಅವನಿಗೆ ಅರ್ಧಿಂಚು ಅಂತ ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಬೇಜಾರಿರಲಿಲ್ಲ, ಒಳಗೊಳಗೇ ಖುಷಿಯಿತ್ತು.

ಅವನ ಖಾಯಂ ಗಿರಾಕಿಗಳಲ್ಲಿ ಒಬ್ಬರು ಮೇಷ್ಟ್ರು. ಪ್ರೌಢಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದವರು. ಚಿಕ್ಕವರಿದ್ದಾಗ ಬಿದ್ದು ಹೆಗಲಿನ ಎಲುಬು ಮುರಿದು, ಅದು ಸರಿಯಾಗಿ ಕೂಡದೆ, ಅವರ ಬಲಭುಜ ಎಡಭುಜಕ್ಕಿಂತ ಕೆಳಗಿತ್ತು. ಇದು ಗೊತ್ತಿದ್ದದ್ದು ಇಬ್ಬರಿಗೇ: ಅವರನ್ನು ಸಾಕಿದ ಅಕ್ಕನಿಗೆ ಮತ್ತು ನನ್ನ ಅಪ್ಪನಿಗೆ. ಅಂಗಿಯಾದರೆ ಬಲಭುಜವನ್ನು ಅರ್ಧ ಇಂಚು ಇಳಿಸಿ ಕತ್ತರಿಸುತ್ತಿದ್ದ, ಬಟ್ಟೆ ಸುಕ್ಕಿಲ್ಲದೆ ಕೂರುತ್ತಿತ್ತು. ಕೋಟಾದರೆ ಆ ಭುಜದೊಳಗೆ ದಪ್ಪನೆಯ ಹತ್ತಿ ತುಂಬಿ ಎರಡನ್ನೂ ಸಮ ಮಾಡುತ್ತಿದ್ದ. ಕೋಟು ಹಾಕಿಕೊಂಡು ತರಗತಿಗೆ ಹೋದ ಮೇಷ್ಟ್ರು ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಕಾಣುತ್ತಿದ್ದರು. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಊರಿಗೆಲ್ಲ ನರ್ಸಕ್ಕ. ಅವರು ಅಪ್ಪನನ್ನು ಅಣ್ಣ ಅನ್ನುತ್ತಿದ್ದರು, ಅಪ್ಪ ಅವರನ್ನು ಅಕ್ಕ ಅನ್ನುತ್ತಿದ್ದ. ಇಬ್ಬರಲ್ಲಿ ದೊಡ್ಡವರು ಯಾರು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನನಗೆ ಹದಿನೈದಾಗಿದ್ದಾಗ ದೇಶ ಸೇನೆಯ ಕೈಗೆ ಹೋಯಿತು. ಮೇಷ್ಟ್ರು ಸುಮ್ಮನಿರಲಿಲ್ಲ. ಶಾಲೆಯ ಅಂಗಳದಲ್ಲಿ ನಿಂತು ಮಾತಾಡಿದರು, ಆಮೇಲೆ ಗಿರಣಿಯ ಗೇಟಿನಲ್ಲಿ ಮಾತಾಡಿದರು, ಆಮೇಲೆ ಅವರ ಮಾತು ಕೇಳಲು ಮೂರು ಊರಿನ ಜನ ಬರತೊಡಗಿದರು. ಒಂದು ಮಧ್ಯಾಹ್ನ ಪಾಠದ ನಡುವೆ ಸೇನೆಯವರು ಬಂದು ಅವರನ್ನು ಹಿಡಿದುಕೊಂಡು ಹೋದರು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಹತ್ತು ವರ್ಷ ಹಾಕಬಹುದು ಅಂದವರಿದ್ದರು, ಗಡಿಪಾರು ಅಂದವರಿದ್ದರು. ಕೊಲ್ಲುತ್ತಾರೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ಸೋಮವಾರ ಜೈಲಿನ ಉಗ್ರಾಣದ ಗುಮಾಸ್ತ ಬಂದು ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದ. ಬಿಳಿ ಅಂಗಿ ಒಂದು. ಕಾಲರ್ ಬೇಡ, ಗುಂಡಿ ಬೇಡ, ಕಟ್ಟಿಕೊಳ್ಳಲು ಎರಡು ಲಾಡಿ. ಬುಧವಾರಕ್ಕೆ ಬೇಕು. ಅಂಥ ಅಂಗಿ ಯಾರಿಗೆ ಅಂತ ಅಪ್ಪನಿಗೆ ಗೊತ್ತಿತ್ತು. ಮರಣದಂಡನೆಯಾದವರಿಗೆ ಕೊನೆಯ ದಿನ ಹೊಸ ಅಂಗಿ ಕೊಡಬೇಕೆಂಬುದು ಜೈಲಿನ ಹಳೆಯ ನಿಯಮ. ಹಿಂದೆ ಎರಡು ಸಲ ಹೊಲಿದಿದ್ದ, ಇಬ್ಬರೂ ಕೊಲೆಗಾರರು. ಚೀಟಿಯಲ್ಲಿ ಹೆಸರಿರಲಿಲ್ಲ, ಅಳತೆ ಮಾತ್ರ: ಎದೆ ಮೂವತ್ತಾರು, ತೋಳು ಇಪ್ಪತ್ತೈದೂವರೆ. ಅಷ್ಟು ಸಣ್ಣ ಎದೆಗೆ ಅಷ್ಟು ಉದ್ದದ ತೋಳು ಊರಿನಲ್ಲಿ ಒಬ್ಬರಿಗೇ ಇದ್ದದ್ದು. ಆದರೂ ಅಪ್ಪ ಅಳತೆ ಪುಸ್ತಕ ತೆಗೆದು ಹಾಳೆ ತಿರುವಿ ನೋಡಿದ. ತೋಳು ಕೂಡಿತು, ಎದೆ ಮಾತ್ರ ಎರಡು ಇಂಚು ಇಳಿದಿತ್ತು.

ಇದೆಲ್ಲ ನನಗೆ ತಿಳಿದದ್ದು ಹದಿನಾಲ್ಕು ವರ್ಷದ ನಂತರ. ಆ ದಿನ ನನಗೆ ಕಂಡದ್ದು ಇಷ್ಟೇ: ಅಪ್ಪ ಊಟಕ್ಕೆ ಎದ್ದು ಬರಲಿಲ್ಲ, ಎರಡು ಸೂಜಿ ಮುರಿದ, ಕೇಳಿದ್ದಕ್ಕೆ "ಮಷೀನು ಕೆಟ್ಟಿದೆ" ಅಂದ. ಮಷೀನು ಚೆನ್ನಾಗೇ ಇತ್ತು.

ಮಂಗಳವಾರ ನರ್ಸಕ್ಕ ಬಂದರು. ಕೈಯಲ್ಲಿ ನೀಲಿ ಗೆರೆಯ ಬಟ್ಟೆ. ಅಷ್ಟು ಖುಷಿಯಾಗಿ ಅವರನ್ನು ನೋಡಿ ಎಷ್ಟೋ ತಿಂಗಳಾಗಿತ್ತು.

"ಅಣ್ಣಾ, ಬರೋ ವಾರ ಭೇಟಿಗೆ ಬಿಡ್ತಾರಂತೆ. ಕಾಗದ ಬಂದಿದೆ. ಅವನಿಗೆ ಒಂದು ಅಂಗಿ ಹೊಲಿದುಕೊಡಿ. ಅಳತೆ ನಿಮ್ಮ ಹತ್ರ ಇದೆಯಲ್ಲ?"

"ಇದೆ ಅಕ್ಕ" ಅಂದ ಅಪ್ಪ.

"ಸ್ವಲ್ಪ ಬಿಗಿ ಮಾಡಿ. ಒಳಗೆ ಏನು ತಿಂತಾನೋ ಏನೋ, ಇಳಿದಿರ್ತಾನೆ."

"ಮಾಡ್ತೀನಿ."

"ಯಾವಾಗ ಬರಲಿ?"

"ಶನಿವಾರ ಬನ್ನಿ."

ಅವರು ಮೇಜಿನ ಆ ಕಡೆ ನಿಂತಿದ್ದರು. ಕತ್ತರಿಸಿಟ್ಟ ಬಿಳಿ ಅಂಗಿ ಅದೇ ಮೇಜಿನ ಮೇಲೆ, ಇಸ್ತ್ರಿ ಕಂಬಳಿಯ ಕೆಳಗಿತ್ತು. ಅದರ ತೋಳಿನ ಅಂಚನ್ನು ಆ ಸಂಜೆ ಮಡಿಸಿ ಹೊಲಿದವಳು ನಾನು. ಯಾರದು ಅಂತ ಕೇಳಿದೆ. "ಯಾರದೋ" ಅಂದ. ನಾನೂ ಅಲ್ಲಿಗೇ ಬಿಟ್ಟೆ, ಜೈಲಿನ ಕೆಲಸದಲ್ಲಿ ಯಾರಿಗೂ ಮುಖವಿರುತ್ತಿರಲಿಲ್ಲ.

ಅಪ್ಪ ಯಾಕೆ ಹೇಳಲಿಲ್ಲ? ಎದುರಿನ ಅಂಗಡಿಯ ಚಪ್ಪಲಿ ಹೊಲಿಯುವವನನ್ನು ಹಿಂದಿನ ತಿಂಗಳಷ್ಟೇ ಒಂದು ಜೋಕಿಗಾಗಿ ಎಳೆದುಕೊಂಡು ಹೋಗಿದ್ದರು, ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಗೋಡೆಗೂ ಕಿವಿಯಿದ್ದ ಕಾಲ. ವಿಷಯ ಹೊರಬಿದ್ದರೆ ಜೈಲಿನ ಹೊರಗೆ ಚೀಟಿ ನೋಡಿದವನು ಒಬ್ಬನೇ, ಸಿಕ್ಕಿಬೀಳುವುದೂ ಅವನೊಬ್ಬನೇ. ತಾಯಿಯಿಲ್ಲದ ಮಗಳಿದ್ದಾಳೆ. ಇವೆಲ್ಲ ನಿಜವಾದ ಕಾರಣಗಳೇ. ಆದರೂ ಅಂದು ಅವನು "ಶನಿವಾರ ಬನ್ನಿ" ಅಂದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸುಮ್ಮನಿರುವುದು ಒಂದು. ಶನಿವಾರ ಬನ್ನಿ ಅನ್ನುವುದು ಬೇರೆ.

ಬುಧವಾರ ಗುಮಾಸ್ತ ಬಂದು ಬಾಗಿಲಲ್ಲಿ ನಿಂತಾಗ ಅಪ್ಪ ಅಂಗಿಗೆ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ. ಅಂಗಿ ನೆಟ್ಟಗೆ ನಿಲ್ಲಲಿಲ್ಲ, ಬಲಗಡೆಗೆ ವಾಲಿತು. ಆಗ ಅವನಿಗೆ ಹೊಳೆಯಿತು. ಚೀಟಿಯಲ್ಲಿ ಭುಜದ ಮಾತೇ ಇರಲಿಲ್ಲ, ಹೆಸರಿಲ್ಲದವನಿಗೆ ನೇರವಾಗಿ ಕತ್ತರಿಸಬೇಕಿತ್ತು. ಹದಿನೆಂಟು ವರ್ಷದ ಅಭ್ಯಾಸ, ಅವನನ್ನು ಕೇಳದೆ ಕೈಯೇ ಬಲಭುಜವನ್ನು ಅರ್ಧ ಇಂಚು ಇಳಿಸಿಬಿಟ್ಟಿತ್ತು. ಬಿಚ್ಚಿ ಹೊಲಿಯಲು ಸಮಯವಿರಲಿಲ್ಲ. ಗುಮಾಸ್ತ ಅದನ್ನು ನೋಡಲೂ ಇಲ್ಲ, ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದ.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ರೇಡಿಯೋದಲ್ಲಿ ಹೇಳಿದರು. ಬೆಳಗಾಗುವ ಹೊತ್ತಿಗೆ ಜೈಲಿನ ಅಂಗಳದಲ್ಲಿ ಆರು ಜನ ಸಿಪಾಯಿಗಳು ಗುಂಡು ಹಾರಿಸಿದ್ದರು. ದೇಹವನ್ನು ಮನೆಯವರಿಗೆ ಕೊಡಲಿಲ್ಲ. ಕೈದಿಯನ್ನು ಗೌರವದಿಂದ ನಡೆಸಿಕೊಂಡೆವು, ತನ್ನದೇ ಕಪ್ಪು ಕೋಟು ಧರಿಸಿ ನಡೆದುಹೋದರು ಅಂತ ಪತ್ರಿಕೆಯಲ್ಲಿ ಬರೆಸಿದರು. ಶನಿವಾರ ಅಪ್ಪ ನೀಲಿ ಗೆರೆಯ ಬಟ್ಟೆಯನ್ನು ನನ್ನ ಕೈಯಲ್ಲಿ ಕೊಟ್ಟು ನರ್ಸಕ್ಕನ ಮನೆಗೆ ಕಳಿಸಿದ. ಅವರು ಬಿಚ್ಚಿ ನೋಡಿ, "ಇನ್ನೂ ಕತ್ತರಿಸಿರಲಿಲ್ವಾ? ಒಳ್ಳೇದಾಯ್ತು ಬಿಡು" ಅಂದರು. ಬಟ್ಟೆ ಹಾಳಾಗಲಿಲ್ಲವಲ್ಲ ಅಂತ ನನಗೂ ಸಮಾಧಾನವಾಯಿತು.

ಆಮೇಲೆ ಬದುಕು ನಡೆಯಿತು. ಹನ್ನೊಂದು ವರ್ಷಕ್ಕೆ ಆ ಸರ್ಕಾರ ಬಿತ್ತು, ಜೈಲಿನ ಗುತ್ತಿಗೆ ತಪ್ಪಿತು, ಶಾಲಾ ಸಮವಸ್ತ್ರ ಹೊಲಿದು ಹೊಟ್ಟೆ ಹೊರೆದೆವು. ನಾನು ಮದುವೆಯಾಗಿ ಎರಡು ಬೀದಿ ಆಚೆ ಹೋದೆ, ಅಂಗಡಿ ಬಿಡಲಿಲ್ಲ. ನರ್ಸಕ್ಕ ಎಂದಿನ ಹಾಗೆ ಬಟ್ಟೆ ತರುತ್ತಿದ್ದರು. ಅವರು ಬಂದಾಗಲೆಲ್ಲ ಅಪ್ಪನಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು, ಅಳತೆ ನಾನೇ ತೆಗೆದುಕೊಳ್ಳಬೇಕಿತ್ತು. ವಯಸ್ಸಾಯಿತು, ನಾಚಿಕೆ ಶುರುವಾಗಿದೆ ಅಂತ ನಾನು ರೇಗಿಸುತ್ತಿದ್ದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಹದಿನಾಲ್ಕನೇ ವರ್ಷ ಚಿತ್ರಗಾರ್ತಿ ಬಂದಳು. ನನ್ನದೇ ವಯಸ್ಸು, ಜೇಬು ಹರಿದ ಷರ್ಟು, ಉಗುರಿನ ತುಂಬ ಬಣ್ಣ. ಹೊಸ ಸರ್ಕಾರ ಕಟ್ಟಿಸುತ್ತಿದ್ದ ಕಲಾಶಾಲೆಗೆ ಒಂದು ದೊಡ್ಡ ಚಿತ್ರ ಬರೆಯುತ್ತಿದ್ದಳು: ಮೇಷ್ಟ್ರನ್ನು ಗುಂಡಿಕ್ಕಿ ಕೊಂದದ್ದು. ಹಳೆಯ ಕಾಲದ ಸಿಪಾಯಿ ಸಮವಸ್ತ್ರ ಆರು ಜೊತೆ ಬೇಕಿತ್ತು. ಅಪ್ಪ ಬೇಡ ಅನ್ನುತ್ತಾನೆ ಅಂದುಕೊಂಡೆ. "ಹೊಲಿದುಕೊಡ್ತೀನಿ" ಅಂದ. ಅವಳ ಜೇಬನ್ನೂ ಅಲ್ಲೇ ನಿಲ್ಲಿಸಿಕೊಂಡು ಹೊಲಿದುಕೊಟ್ಟ.

ಬಟ್ಟೆ ತಲುಪಿಸಲು ನಾವಿಬ್ಬರೂ ಹೋದೆವು. ಹಳೆಯ ಕಾಗದದ ಗೋದಾಮು, ಎತ್ತರದ ಕಿಟಕಿಗಳು, ಅಗಸೆ ಎಣ್ಣೆ ಮತ್ತು ಟರ್ಪೆಂಟೈನಿನ ವಾಸನೆ. ಬೇಕರಿಯಲ್ಲಿ ಕೆಲಸ ಮಾಡುವ ಆರು ಜನರನ್ನು ಸಿಪಾಯಿಗಳ ಜಾಗದಲ್ಲಿ ನಿಲ್ಲಿಸಿಕೊಂಡಿದ್ದಳು. ಬಂದೂಕಿನ ಬದಲು ಅವರ ಕೈಯಲ್ಲಿ ಪೊರಕೆ ಕೋಲು. ಒಬ್ಬ ನಕ್ಕರೆ ಆರೂ ಜನ ನಗುತ್ತಿದ್ದರು. ಸಮವಸ್ತ್ರ ತೊಟ್ಟು, ಬೆನ್ನು ತಿರುಗಿಸಿ ಸಾಲಾಗಿ ನಿಂತ ಕೂಡಲೇ ನಗು ನಿಂತುಹೋಯಿತು. ಯಾರೂ ನಿಲ್ಲಿಸಿ ಅಂದಿರಲಿಲ್ಲ.

ಗೋಡೆಗೆ ಒರಗಿಸಿದ ಮೂರು ದೊಡ್ಡ ಕ್ಯಾನ್ವಾಸುಗಳಿದ್ದವು. ಮೊದಲನೆಯದರಲ್ಲಿ ಹೊಗೆಯೋ ಹೊಗೆ. "ಇದು ಸುಳ್ಳು" ಅಂದಳು ಅವಳು, "ಹೊಗೆ ಬರೆದ್ರೆ ಏನೂ ನೋಡಬೇಕಾಗಿಲ್ಲ, ಅದಕ್ಕೇ ಬರೆದಿದ್ದೆ." ಎರಡನೆಯದರಲ್ಲಿ ಸಿಪಾಯಿಗಳ ಮುಖಗಳಿದ್ದವು, ಹಲ್ಲು ಕಚ್ಚಿಕೊಂಡವು. "ಇದೂ ಬೇಡ. ಮುಖ ಕೊಟ್ರೆ ಜನ ಒಬ್ಬ ಕೆಟ್ಟವನನ್ನ ಹುಡುಕಿಕೊಂಡು ಮನೆಗೆ ಹೋಗಿ ಆರಾಮಾಗಿ ಮಲಗ್ತಾರೆ." ಮೂರನೆಯದರಲ್ಲಿ ಆರು ಬೆನ್ನು, ಆರೂ ಒಂದೇ ಥರ, ಮೇಷ್ಟ್ರಿಂದ ನಾಲ್ಕೇ ಹೆಜ್ಜೆ ದೂರದಲ್ಲಿ. ಅಷ್ಟು ಹತ್ತಿರ ಯಾಕೆ ಅಂತ ನಾನು ಕೇಳಿದೆ. "ದೂರದಿಂದ ಹೊಡೆದ್ರೆ ಯುದ್ಧ ಅನ್ನಿಸುತ್ತೆ. ಹತ್ತಿರದಿಂದ ಹೊಡೆದ್ರೆ ಅದು ಕೆಲಸ. ಬೆಳಿಗ್ಗೆ ಎದ್ದು ಮಾಡಿ ಮುಗಿಸೋ ಕೆಲಸ." ಹಿಂದೆ ಬೂದು ಬಣ್ಣದ ಎತ್ತರದ ಗೋಡೆ, ಅದರ ಮೇಲಿಂದ ಇಣುಕುವ ಜನರ ಜಾಗದಲ್ಲಿ ಇದ್ದಿಲಿನಲ್ಲಿ ಎಳೆದ ಖಾಲಿ ಸೊನ್ನೆಗಳು. ಗೋಡೆಯ ಮುಂದೆ ಕಪ್ಪು ಕೋಟಿನ ಮೇಷ್ಟ್ರು.

"ಎಲ್ಲಾ ಸರಿ ಇದೆ, ಇವರು ಮಾತ್ರ ನಿಲ್ತಾ ಇಲ್ಲ" ಅಂದಳು. "ಐದು ಸಲ ಕೆರೆದು ಬರೆದೆ. ಫೋಟೋದಿಂದ ಎದ್ದು ಬಂದ ಪ್ರತಿಮೆ ಥರ ಇದ್ದಾರೆ. ನೀವು ಬಟ್ಟೆ ಬಲ್ಲವರು, ನೋಡಿ, ಏನು ತಪ್ಪಾಗಿದೆ?"

ಅಪ್ಪ ಬಹಳ ಹೊತ್ತು ನೋಡಿದ. "ಕೋಟು" ಅಂದ. "ಕೋಟಿರಲಿಲ್ಲ. ಬಿಳಿ ಅಂಗಿ."

"ಪತ್ರಿಕೆಯಲ್ಲಿ ಕೋಟು ಅಂತ ಇತ್ತಲ್ಲ?"

"ಪತ್ರಿಕೆಯವರು ಅಲ್ಲಿರಲಿಲ್ಲಮ್ಮ. ಆ ಅಂಗಿ ಹೊಲಿದವನು ನಾನು."

ನಾನು ತೋಳಿನ ಅಂಚು ಹೊಲಿದ ಸಂಜೆ ಅಲ್ಲೇ ನನ್ನ ಕಣ್ಣ ಮುಂದೆ ಬಂತು. ಗೋದಾಮಿನ ನೆಲದ ಮೇಲೆ ಕೂತುಬಿಟ್ಟೆ. ಆದರೆ ಯಾರ ಅಂಗಿ ಅಂತ ಅವನಿಗೆ ಆಮೇಲೆ ತಿಳಿದಿರಬೇಕು ಅಂದುಕೊಂಡೆ. ಮಕ್ಕಳು ಹಾಗೇ ಅಂದುಕೊಳ್ಳುವುದು. ಚಿತ್ರಗಾರ್ತಿ ಅಂಥದ್ದೇ ಅಂಗಿ ಇನ್ನೊಂದು ಹೊಲಿದುಕೊಡಿ ಅಂದಳು. ಎರಡು ದಿನದಲ್ಲಿ ಹೊಲಿದ.

ಬೇಕರಿಯವರಲ್ಲಿ ಸಣ್ಣಗೆ ಉದ್ದಕ್ಕಿದ್ದ ಒಬ್ಬನಿಗೆ ಅದನ್ನು ತೊಡಿಸಿದಳು. ದೂರ ನಿಂತು ನೋಡಿದಳು, ಹತ್ತಿರ ಬಂದು ನೋಡಿದಳು. "ಬಲಗಡೆ ಯಾಕೆ ಎಳೀತಿದೆ? ಭುಜದಲ್ಲಿ ಏನಾದ್ರೂ ತಪ್ಪಾಯ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅಪ್ಪ ನಿಜವಾಗಿಯೂ ತನ್ನ ಬಲ ಹೆಗಲು ಮುಟ್ಟಿಕೊಂಡ. ಹದಿನಾಲ್ಕು ವರ್ಷವಾದ ಮೇಲೂ ಕೈ ಅದೇ ಕೆಲಸ ಮಾಡಿತ್ತು. ಆಮೇಲೆ ಒಂದು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದ. ಚೀಟಿ, ಅಳತೆ ಪುಸ್ತಕ, ವಾಲಿದ ಅಂಗಿ. ನರ್ಸಕ್ಕನಿಗೆ ಶನಿವಾರ ಬನ್ನಿ ಅಂದದ್ದನ್ನೂ ಬಿಡದೆ ಹೇಳಿದ. "ಆ ಅಂಗಿ ತೊಟ್ಟ ಕೂಡ್ಲೇ ಮೇಷ್ಟ್ರಿಗೆ ಗೊತ್ತಾಗಿರುತ್ತೆ" ಅಂದ. "ಭುಜದ ಮೇಲೆ ಸರಿಯಾಗಿ ಕೂತಿರುತ್ತೆ. ಜೈಲಿನ ಅಂಗಿ ಹಾಗೆ ಕೂರಲ್ಲ. ಇದು ಅರ್ಧಿಂಚಿನ ಕೈ, ಅರ್ಧಿಂಚಿಗೆ ಎಲ್ಲಾ ಗೊತ್ತಿದೆ, ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದಾನೆ ಅಂತ ಗೊತ್ತಾಗಿರುತ್ತೆ."

ಚಿತ್ರಗಾರ್ತಿ ಕ್ಯಾನ್ವಾಸಿನ ಹತ್ತಿರ ಹೋಗಿ ಚಾಕು ತೆಗೆದುಕೊಂಡು ಕಪ್ಪು ಕೋಟನ್ನು ಕೆರೆಯತೊಡಗಿದಳು.

ಅಂಗಡಿಗೆ ಬಂದ ಮೇಲೆ ಅಪ್ಪ, "ನೀನು ಚಿಕ್ಕವಳಿದ್ದೆ..." ಅಂತ ಶುರುಮಾಡಿದ.

"ನನ್ನ ಹೆಸರು ಹೇಳಿ ತಪ್ಪಿಸ್ಕೋಬೇಡ" ಅಂದೆ. "ನನಗೋಸ್ಕರ ಅಂತ ಒಂದು ಸಲ ಅಂದ್ರೂ ಈ ಅಂಗಡಿ ಮೆಟ್ಟಿಲು ಹತ್ತಲ್ಲ ನಾನು."

"ಈಗೇನು ಮಾಡು ಅಂತೀಯ?"

"ಭಾನುವಾರ ನರ್ಸಕ್ಕ ಚಿತ್ರ ನೋಡೋಕೆ ಹೋಗ್ತಾರೆ. ಫೋಟೋ ಎಲ್ಲ ಕೊಟ್ಟಿರೋದೇ ಅವರು. ಅವರು ಅದನ್ನ ನೋಡೋ ಮೊದಲು ನೀನು ಹೋಗಿ ಹೇಳ್ಬೇಕು. ನಿನ್ನ ಬಾಯಿಂದಲೇ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಮಗಳೇ."

"ಆಡದೇ ಇದ್ದದ್ದಕ್ಕೆ ಏನು ಹೋಯ್ತು ಅಂತ ಅವರನ್ನೇ ಕೇಳು."

ಶುಕ್ರವಾರ ಹೋದ, ಅವರ ಮನೆಯ ಗೇಟಿನಿಂದ ವಾಪಸು ಬಂದ. ಶನಿವಾರ ಹೋದ, ಬಾಗಿಲ ತನಕ ಹೋಗಿ ಬಂದ. ಅವನನ್ನು ನೋಡಿ ನನಗೆ ಕನಿಕರವೂ ಬಂತು, ಕೋಪವೂ ಬಂತು. ಕೋಪವೇ ಹೆಚ್ಚು.

ಭಾನುವಾರ ಬೆಳಿಗ್ಗೆ ನಾವು ಗೋದಾಮಿಗೆ ಹೋಗುವಷ್ಟರಲ್ಲಿ ನರ್ಸಕ್ಕ ಆಗಲೇ ಚಿತ್ರದ ಮುಂದೆ ನಿಂತಿದ್ದರು. ನಾನೂ ನೋಡಿದೆ. ಚಿತ್ರ ಬೇರೆಯೇ ಆಗಿಹೋಗಿತ್ತು. ಕೋಟು ಹೋಗಿ ಬಿಳಿ ಅಂಗಿ ಬಂದಿತ್ತು. ಆ ಬಿಳಿ ಬರೀ ಬಿಳಿಯಲ್ಲ, ಅದರಲ್ಲಿ ಗೋಡೆಯ ಬೂದು ಇತ್ತು, ಬೆಳಗಿನ ಹಳದಿ ಇತ್ತು. ಕಣ್ಣು ಎಲ್ಲಿಗೆ ಹೋದರೂ ತಿರುಗಿ ಅಲ್ಲಿಗೇ ಬರುತ್ತಿತ್ತು. ಅಂಗಿಯೊಳಗಿನ ಮನುಷ್ಯ ಒಂದು ಭುಜ ಇಳಿಸಿಕೊಂಡು, ತರಗತಿಯಲ್ಲಿ ಉತ್ತರಕ್ಕೆ ಕಾಯುವವರ ಹಾಗೆ ನಿಂತಿದ್ದ. ಪ್ರತಿಮೆಗೆ ಗುಂಡು ತಗಲಿದರೆ ಚೂರು ಏಳುತ್ತದೆ. ಈ ಮನುಷ್ಯನಿಗೆ ನೋವಾಗುತ್ತದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

"ಭುಜದ ವಿಷಯ ನಿಮಗೆ ಯಾರು ಹೇಳಿದ್ರು?" ಅಂತ ನರ್ಸಕ್ಕ ಕೇಳಿದರು. "ನಾನು ಹೇಳಿರಲಿಲ್ಲ. ಅವನಿಗೆ ಅದು ಯಾರಿಗೂ ಗೊತ್ತಾಗೋದು ಇಷ್ಟ ಇರಲಿಲ್ಲ."

ಚಿತ್ರಗಾರ್ತಿ ಅಪ್ಪನ ಕಡೆ ನೋಡಿದಳು. ಅಪ್ಪ ಎರಡು ಹೆಜ್ಜೆ ಮುಂದೆ ಬಂದ. ಬಂದ ಅನ್ನುವುದನ್ನು ನಾನು ಅವನ ಲೆಕ್ಕಕ್ಕೆ ಇವತ್ತಿಗೂ ಹಾಕುತ್ತೇನೆ.

"ನಾನು ಹೇಳ್ದೆ ಅಕ್ಕ. ಆ ಅಂಗಿ ನಾನೇ ಹೊಲಿದದ್ದು. ಸೋಮವಾರ ಚೀಟಿ ಬಂತು. ಅಳತೆ ನೋಡಿದ ಕೂಡ್ಲೇ ಯಾರದು ಅಂತ ಗೊತ್ತಾಯ್ತು."

ನರ್ಸಕ್ಕ ತಿರುಗಲಿಲ್ಲ. "ನಾನು ಬಟ್ಟೆ ತಂದದ್ದು ಮಂಗಳವಾರ" ಅಂದರು.

"ಹೌದು."

"ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ದಿನ" ಅಂದರು ನರ್ಸಕ್ಕ. "ಬಿಡಿಸ್ತಿದ್ದೆ ಅಂತ ಅಲ್ಲ. ಬಿಡಿಸೋಕೆ ಆಗ್ತಿರಲಿಲ್ಲ, ನನಗೂ ಗೊತ್ತು. ಆದ್ರೆ ಜೈಲಿನ ಗೋಡೆ ಹತ್ರ ಹೋಗಿ ನಿಂತು ಕೂಗ್ತಿದ್ದೆ. ಹೊಡೆದು ಓಡಿಸೋ ತನಕ ಕೂಗ್ತಿದ್ದೆ. ಅವನಿಗೆ ನನ್ನ ದನಿ ಕೇಳ್ತಿತ್ತು."

ಅಪ್ಪ ತಲೆ ಎತ್ತಲಿಲ್ಲ. ಅಂಗಿ ತೊಟ್ಟ ಮೇಲೆ ಮೇಷ್ಟ್ರಿಗೆ ತನ್ನ ಕೈಯ ಗುರುತು ಸಿಕ್ಕಿರುತ್ತದೆ, ಹದಿನಾಲ್ಕು ವರ್ಷದಿಂದ ಅದೇ ತನ್ನನ್ನು ತಿನ್ನುತ್ತಿದೆ ಅಂತ ತಡವರಿಸುತ್ತ ಹೇಳಿದ. ಅವನ ಮಟ್ಟಿಗೆ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಇರಲಿಲ್ಲ. ನರ್ಸಕ್ಕ ಆಗ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ.

"ಸಿಕ್ಕಿರುತ್ತೆ. ನನ್ನ ತಮ್ಮ ದಡ್ಡನಲ್ಲ. ಅಂಗಿ ತೊಟ್ಕೊಂಡು ಏನಂದ್ಕೊಂಡಿರ್ತಾನೆ ಹೇಳಿ? ಟೈಲರಣ್ಣನಿಗೆ ಗೊತ್ತು. ಟೈಲರಣ್ಣನಿಗೆ ಗೊತ್ತಿದ್ದ ಮೇಲೆ ನನ್ನ ಅಕ್ಕನಿಗೆ ಹೇಳದೇ ಇರ್ತಾನಾ? ಹಾಗಾದ್ರೆ ಅಕ್ಕನಿಗೂ ಗೊತ್ತು. ಗೊತ್ತಿದ್ದೂ ಅಕ್ಕ ಬರಲಿಲ್ಲ." ಅವರ ದನಿ ಅಲ್ಲಿಯವರೆಗೆ ಏರಿರಲಿಲ್ಲ, ಈಗಲೂ ಏರಲಿಲ್ಲ. "ಅಷ್ಟು ಅಂದ್ಕೊಂಡು ಹೋಗಿ ಆ ಗೋಡೆ ಮುಂದೆ ನಿಂತಿದ್ದಾನೆ."

ಅಪ್ಪನಿಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಅಷ್ಟು ವರ್ಷ ಅವನು ಕೊರಗಿದ್ದು ತನ್ನ ಬಗ್ಗೆ, ಮೇಷ್ಟ್ರು ತನ್ನನ್ನು ಏನಂದುಕೊಂಡರೋ ಎಂಬುದರ ಬಗ್ಗೆ. ಸಾಯುವವನು ಟೈಲರನ್ನು ನೆನೆಯುತ್ತಾನೆಯೇ? ಅಕ್ಕನನ್ನು ನೆನೆಯುತ್ತಾನೆ. ನಾನು ಹೋಗಿ ಅವನ ಪಕ್ಕ ನಿಂತೆ. ಅವನ ಮೇಲಿನ ಕೋಪ ಹೋಗಿತ್ತು ಅಂತಲ್ಲ. ಅವನು ಬೀಳುತ್ತಾನೆ ಅನ್ನಿಸಿತು.

ಚಿತ್ರಗಾರ್ತಿ ಮೆಲ್ಲಗೆ ಮಾತೆತ್ತಿದಳು. ಗೋಡೆಯ ಮೇಲಿನ ಖಾಲಿ ಮುಖಗಳಲ್ಲಿ ಒಂದಾಗಿ ನರ್ಸಕ್ಕನನ್ನು ಬರೆಯಬೇಕೆಂದು ಮೊದಲಿನಿಂದಲೂ ಅಂದುಕೊಂಡಿದ್ದಳಂತೆ, ಒಪ್ಪಿಗೆ ಕೇಳಲೆಂದೇ ಕರೆಸಿದ್ದಳಂತೆ.

"ನನ್ನನ್ನ ಬರೀಬೇಡಿ" ಅಂದರು ನರ್ಸಕ್ಕ. "ನಾನು ಅಲ್ಲಿರಲಿಲ್ಲ." ಆಮೇಲೆ ಅಪ್ಪನ ಕಡೆ ಕೈ ತೋರಿಸಿದರು. "ಇವರನ್ನ ಬರೀರಿ. ಇವರು ಅಲ್ಲಿದ್ರು."

ಅಣ್ಣ ಅನ್ನಲಿಲ್ಲ. ಮತ್ತೆಂದೂ ಅನ್ನಲಿಲ್ಲ. ನಮ್ಮ ಅಂಗಡಿಗೂ ಬರಲಿಲ್ಲ, ಎದುರು ಸಿಕ್ಕರೆ ನನ್ನ ಮಕ್ಕಳನ್ನು ಮಾತಾಡಿಸುತ್ತಿದ್ದರು, ಅಷ್ಟೇ. ಕ್ಷಮಿಸಿ ಅಂತ ಅಪ್ಪ ಕೇಳಲಿಲ್ಲ. ಕೇಳಿದ್ದರೆ ಅವರು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರೋ ಏನೋ. ಕೇಳುವ ಹಕ್ಕು ತನಗಿಲ್ಲ ಅಂತ ಅವನು ತೀರ್ಮಾನ ಮಾಡಿಕೊಂಡಿದ್ದ, ಆ ಒಂದು ವಿಷಯದಲ್ಲಿ ನಾನು ಅವನ ಜೊತೆ ಜಗಳವಾಡಲಿಲ್ಲ.

ಆದರೆ ಗೋದಾಮಿಗೆ ಹೋಗಿ ಕೂತ. ಒಂಬತ್ತು ದಿನ, ಬೆಳಕು ಚೆನ್ನಾಗಿರುವಾಗ, ಕೊರಳಲ್ಲಿ ಟೇಪು ಹಾಕಿಕೊಂಡು. ಚಿತ್ರಗಾರ್ತಿ ಗೋಡೆಯ ಎತ್ತರಕ್ಕೆ ಒಂದು ಏಣಿ ಹಾಕಿ ಕೂರಿಸಿದಳು. ಎಪ್ಪತ್ತರ ಹತ್ತಿರದ ಮನುಷ್ಯ, ಬೀಳದಿರಲಿ ಅಂತ ನಾನು ಏಣಿ ಹಿಡಿದುಕೊಂಡಿರುತ್ತಿದ್ದೆ. ಮೊದಲ ದಿನ ಕೇಳಿದ: "ಎಲ್ಲಿ ನೋಡಲಿ ಅಮ್ಮ? ಸಿಪಾಯಿಗಳ ಕಡೆನಾ, ಮೇಷ್ಟ್ರ ಕಡೆನಾ?"

"ಆವತ್ತು ಬೆಳಿಗ್ಗೆ ಎಲ್ಲಿ ನೋಡ್ತಿದ್ರಿ?"

ಅಪ್ಪ ಯೋಚಿಸಿದ. "ಮಷೀನಿನ ಮುಂದೆ ಕೂತಿದ್ದೆ. ಸೂಜಿ ನೋಡ್ತಿದ್ದೆ."

"ಹಾಗಾದ್ರೆ ಅಲ್ಲೇ ನೋಡಿ" ಅಂದಳು.

ಅಪ್ಪ ಸತ್ತು ಆರು ವರ್ಷವಾಯಿತು. ಚಿತ್ರ ಕಲಾಶಾಲೆಯ ದೊಡ್ಡ ಹಜಾರದಲ್ಲಿದೆ. ಗೋಡೆಯ ಮೇಲಿಂದ ಇಣುಕುವವರಲ್ಲಿ ಕೆಲವರು ಬಾಯಿ ಮುಚ್ಚಿಕೊಂಡಿದ್ದಾರೆ, ಕೆಲವರು ಕೈ ಎತ್ತಿದ್ದಾರೆ, ಎಲ್ಲರೂ ನೋಡುತ್ತಿದ್ದಾರೆ. ಒಬ್ಬ ಮಾತ್ರ ತಲೆ ಬಗ್ಗಿಸಿದ್ದಾನೆ. ಕಳೆದ ತಿಂಗಳು ನಾನು ಅಲ್ಲಿ ನಿಂತಿದ್ದಾಗ ಯಾರೋ ಒಬ್ಬ ಹೆಂಗಸು ಗಂಡನಿಗೆ ತೋರಿಸಿ ಹೇಳಿದಳು, "ಪಾಪ, ಅವರೊಬ್ಬರು ನೋಡೋಕಾಗದೆ ಅಳ್ತಿದ್ದಾರೆ."

ನನಗೆ ತಡೆಯಲಾಗಲಿಲ್ಲ. "ಅಳ್ತಿಲ್ಲಮ್ಮ" ಅಂದೆ. "ಅದು ನನ್ನ ಅಪ್ಪ. ಅಂಗಿ ಹೊಲೀತಿದ್ದಾರೆ."